ಹಸಿದ ಗವಸು

ಒಂಬತ್ತನೆಯ ಕಂತು

ಇರುವೆಗಳು ಬಲಗಡೆಯ ಮೂಲೆಗೇ ಹೋಗುತ್ತಿದ್ದವು.

ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದ ಬಟ್ಟೆಯ ಗವಸಿಗೆ ನಾಲ್ಕು ಮೂಲೆ. ಮೂರನ್ನು ಅವು ಮೂಸಿಯೂ ನೋಡಿರಲಿಲ್ಲ. ಮೇಜಿನ ಕಾಲು ಹತ್ತಿ, ಗಾಜಿನ ಸಂದಿಯಲ್ಲಿ ನುಸುಳಿ, ಸಾಲು ಹಿಡಿದು ಆ ಒಂದೇ ಮೂಲೆಗೆ ಹೋಗಿ ಬರುತ್ತಿದ್ದವು.

“ಏನ್ರಿ ಪಾರ್ವತೆಮ್ಮ, ಹಂಗ ಬಗ್ಗಿ ಬಗ್ಗಿ ಏನ್ ನೋಡ್ತೀರಿ? ಅದರಾಗೇನು ಬಂಗಾರ ಐತೇನು?” ಎಂದರು ಪ್ರೊಫೆಸರ್ ಉಮಾಪತಿ.

“ಬಂಗಾರ ಇದ್ದಿದ್ರ ಇರುವಿ ಬರ್ತಿದ್ದಿಲ್ಲ ಬಿಡ್ರಿ ಸರ. ಮನುಷ್ಯಾರು ಬರ್ತಿದ್ರು” ಎಂದೆ.

ನನ್ನ ನಾಲಿಗೆಯೇ ಹಾಗೆ. ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಬರೀ ಹೆಡ್ ಕಾನ್‌ಸ್ಟೆಬಲ್ ಆಗಿ ಹೊರಬಿದ್ದದ್ದಕ್ಕೆ ಈ ನಾಲಿಗೆಯೇ ಕಾರಣ. ಈಗ ಕೊಪ್ಪಳದ ಹೊರಗೆ, ತುಂಗಾತೀರ ವಿಶ್ವವಿದ್ಯಾಲಯದ ಗೇಟಿನೆದುರು ಖಾನಾವಳಿ ನಡೆಸುತ್ತೇನೆ. ಬಿಸಿ ರೊಟ್ಟಿ ಕೊಟ್ಟರೆ ಜನ ಬೈಗುಳವನ್ನೂ ನುಂಗುತ್ತಾರೆ.

ಇವತ್ತಂತೂ ನನ್ನ ತಲೆ ಕೆಟ್ಟಿತ್ತು. ಒಂಬತ್ತು ವರ್ಷದಿಂದ ನನ್ನ ಜೊತೆ ರೊಟ್ಟಿ ಬಡಿಯುವ ನೂರಜಾನಬಿ, ಮೈಯಲ್ಲಿ ಹುಷಾರಿಲ್ಲವೆಂದು ಫೋನ್ ಮಾಡಿ ಬಂದಿರಲಿಲ್ಲ. ನೂರೈವತ್ತು ರೊಟ್ಟಿ ಒಬ್ಬಳೇ ಬಡಿದು ರಟ್ಟೆ ಸೋತಿತ್ತು. ಹಗ್ಗದ ಮೇಲೆ ಒಣಹಾಕಿದ್ದ, ಬುತ್ತಿ ಕಟ್ಟುವ ಹಸಿರು ಅಂಚಿನ ಬಟ್ಟೆಗಳಲ್ಲಿ ಒಂದು ಕಾಣದೆ, ಅದಕ್ಕೂ ಗೋಡೆಯನ್ನೇ ಬೈದು ಬಂದಿದ್ದೆ.

ಹಸೀಬಾ ಎಂಬ ಹುಡುಗಿ “ನನ್ನ ಕೆಲಸ ಕದ್ದಾರ, ಕದ್ದಾಕಿ ನಾನ ಅಂತ ಹೇಳಾಕತ್ತಾರ” ಎಂದು ನನ್ನ ಖಾನಾವಳಿಯಲ್ಲಿ ಅತ್ತು ಇವತ್ತಿಗೆ ಹನ್ನೊಂದು ದಿನ.

ಬೇವೂರಿನ ಹುಡುಗಿ. ಎಂ.ಎಸ್ಸಿ. ಎರಡನೆಯ ವರ್ಷ. ಅವಳ ಅಪ್ಪ ದಾದೇಸಾಬನಿಗೆ ಸಕ್ಕರೆ ಕಾಯಿಲೆ. ಬೇಸಿಗೆಯಲ್ಲಿ ಆ ಕಡೆ ಕರೆಂಟು ಬಂದದ್ದೇ ಪುಣ್ಯ. ಇನ್ಸುಲಿನ್ ಬಾಟಲಿ ಸೆಕೆಗೆ ಕೆಟ್ಟದ್ದು ತಿಳಿಯದೆ, ಎರಡು ತಿಂಗಳು ಅದನ್ನೇ ಚುಚ್ಚಿಕೊಂಡ. ಎಡಗಾಲನ್ನು ಪಾದದ ಮೇಲಿನಿಂದಲೇ ಕತ್ತರಿಸಿ ತೆಗೆಯಬೇಕಾಯಿತು.

ಮಗಳು ಸುಮ್ಮನೆ ಕೂರಲಿಲ್ಲ. ಆನೆಗೊಂದಿಯಿಂದ ಬಾಳೆಯ ನಾರು ತಂದು, ಹಳೆಯ ಹತ್ತಿ ಸೀರೆಯ ಪದರಗಳ ನಡುವೆ ಹಾಸಿ, ಕೌದಿ ಹೊಲಿದ ಹಾಗೆ ಹೊಲಿದು ಒಂದು ಗವಸು ಮಾಡಿದಳು. ಮುಂಜಾನೆ ಸಂಜೆ ಒಂದಿಷ್ಟು ನೀರು ಚಿಮುಕಿಸಿದರೆ ಒಳಗಿಟ್ಟ ಔಷಧಿ ತಣ್ಣಗಿರುತ್ತದೆ. ಕರೆಂಟು ಬೇಡ, ಐಸೂ ಬೇಡ. ಊಟಕ್ಕೆ ಬಂದಾಗೆಲ್ಲ ನಮ್ಮ ಒಲೆಯ ಮುಂದೆ ಕೂತು, ಚಿತ್ರ ಬರೆದ ಹಾಳೆ ಬಿಚ್ಚಿ ಅದರದೇ ಮಾತು. ನೂರಜಾನಬಿ ಹೂಂಗುಟ್ಟುತ್ತಿದ್ದಳು. ನನಗೆ ಅದನ್ನೆಲ್ಲ ಕೇಳುವ ಪುರುಸೊತ್ತು ಇರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಒಂದು ದತ್ತಿನಿಧಿ ಇದೆ. ಗಂಗಾವತಿಯ ಅಕ್ಕಿ ಗಿರಣಿಯ ಹೊಳಿಯಪ್ಪನವರು ತೀರಿಹೋದ ಮಗಳ ಹೆಸರಿನಲ್ಲಿ ಇಟ್ಟದ್ದು. ವಿದ್ಯಾರ್ಥಿಯ ತಲೆಯಲ್ಲಿ ಹುಟ್ಟಿದ ಹೊಸ ಕೆಲಸಕ್ಕೆ ಅದರಿಂದ ಅನುದಾನ ಕೊಡುತ್ತಾರೆ. ಹಸೀಬಾಳ ಮಾರ್ಗದರ್ಶಕರು ಉಮಾಪತಿ. ಅರ್ಜಿಯಲ್ಲಿ ಮೊದಲ ಹೆಸರು ತಮ್ಮದಿರಲಿ ಎಂದರು. ಇವಳು ಒಲ್ಲೆ ಎಂದಳು. ಜನವರಿಯಲ್ಲಿ ವಿಭಾಗಕ್ಕೆ ಕೊಟ್ಟ ಗವಸೂ ಚಿತ್ರಗಳೂ ಹದಿನೈದು ದಿನದಲ್ಲಿ ಕಾಣೆಯಾದವು. ಫೆಬ್ರವರಿ ಕೊನೆಗೆ ಗವಿಸಿದ್ದೇಶ ಎಂಬ ಹುಡುಗ ಥೇಟ್ ಅಂಥದೇ ಗವಸು ತಂದಿಟ್ಟ, ಈಗ ಗಾಜಿನ ಪೆಟ್ಟಿಗೆಯಲ್ಲಿದ್ದದ್ದು ಅದೇ. ಅವನ ಅರ್ಜಿಯಲ್ಲಿ ಮೊದಲ ಹೆಸರು ಯಾರದೆಂದು ಹೇಳಬೇಕಿಲ್ಲ.

ಇವಳು ಮಾರ್ಚಿನಲ್ಲಿ ಮತ್ತೊಂದು ಹೊಲಿದು ತಂದಾಗ, ನೀನೇ ನಕಲು ಮಾಡಿದವಳು ಎಂದರು. ಅದು ನಿಜವೆಂದು ಸಮಿತಿ ಬರೆದರೆ ಎರಡು ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ. ಕಳ್ಳಿ ಎಂಬ ಹೆಸರು ಮಾತ್ರ ಜನ್ಮಕ್ಕೆಲ್ಲ.

ಆ ಸಮಿತಿ ಇವತ್ತು ಮಧ್ಯಾಹ್ನ ಮೂರಕ್ಕೆ ಕೂತಿತ್ತು. ಮೂವರು ಸದಸ್ಯರಲ್ಲಿ ಇಬ್ಬರು, ಉಮಾಪತಿಯವರ ಎದುರು ಯಾಕೆ ಬೇಕೆಂದು, ರಜೆ ಹಾಕಿದ್ದರು. ಬಂದವರು ಹೊಳಿಯಪ್ಪನವರೊಬ್ಬರೇ. ಎಂಬತ್ತು ದಾಟಿದ ಮುದುಕ, ನಾಲ್ಕನೆಯ ಇಯತ್ತೆ ಓದಿದವರು. ನನ್ನನ್ನು ಒಳಗೆ ಬಿಟ್ಟವರೂ ಅವರೇ.

“ಸುರು ಮಾಡವ್ವಾ. ನೀ ಹುಡುಗಿ ಪರ ಮಾತಾಡಾಕ ಬಂದೀದಿ. ಮಾತಾಡು” ಎಂದರು.

ನಾನು ಗವಿಸಿದ್ದೇಶನ ಕಡೆ ತಿರುಗಿದೆ. ಇಸ್ತ್ರಿ ಮಾಡಿದ ಅಂಗಿ, ಬೆವರಿದ ಕುತ್ತಿಗೆ.

“ಇದನ್ನ ಹೊಲದಾವ್ರು ಯಾರಪಾ?”

“ನಾನ ರೀ.”

“ಯಾರು ಕಲಿಸಿದ್ರು?”

“ಯೂಟ್ಯೂಬ್ ನೋಡಿ ಕಲ್ತೆ.”

“ಎಷ್ಟು ದಿನ ಹಿಡೀತು?”

“ಎರಡು… ಮೂರು ದಿನ.”

ಇಂಥ ಸಣ್ಣ ಹೊಲಿಗೆಯ ಗವಸು ಪಳಗಿದ ಕೈಗೂ ವಾರ ಬೇಡುತ್ತದೆ. ಅವನ ಬೆರಳು ನೋಡಿದೆ. ಸೂಜಿ ಎಂದರೆ ದವಾಖಾನೆಯಲ್ಲಿ ಮಾತ್ರ ಕಂಡ ಬೆರಳು.

“ಒಳಗ ಏನೇನು ಹಾಕೀಯಪಾ?”

“ಹಳೇ ಕಾಟನ್ ಬಟ್ಟಿ, ಬಾಳಿ ನಾರು.”

“ಮತ್ತ?”

“ಮತ್ತೇನಿಲ್ರಿ.”

“ನೆಪ್ಪು ಮಾಡಿಕೊಂಡು ಹೇಳು. ಒಂದು ಚೂರು ಏನರ?”

“ಏನೂ ಇಲ್ಲಂದ್ನೆಲ್ರಿ.”

“ಹಂಗಂತ ಬರದು ಸಹಿ ಮಾಡು.”

ಅವನು ಉಮಾಪತಿಯವರ ಮುಖ ನೋಡಿದ. ಅವರು ಅಸಡ್ಡೆಯಿಂದ ಕೈಯಾಡಿಸಿದರು. ಹುಡುಗ ಬರೆದ, ಸಹಿ ಹಾಕಿದ. ಹಾಳೆಯನ್ನು ಹೊಳಿಯಪ್ಪನವರ ಮುಂದಿಟ್ಟು, “ಈಗ ಒಂದು ಕತ್ತರಿ ಬೇಕ್ರಿ” ಎಂದೆ.

“ಅದು ವಿಶ್ವವಿದ್ಯಾಲಯದ ಸ್ವತ್ತು” ಎಂದು ಉಮಾಪತಿ ಎದ್ದರು. “ಕಂಡ ಕಂಡವರು ಕತ್ತರಿ ಹಾಕಾಕ ಬರಂಗಿಲ್ಲ.”

“ನಿಮ್ಮ ಸ್ವತ್ತಿಗೆ ಇರುವಿ ಹತ್ಯಾವು ಸರ. ನಾನು ಬರೇ ಯಾಕ ಹತ್ಯಾವು ಅಂತ ನೋಡ್ತೀನಿ.”

“ಕತ್ತರಿ ಕೊಡ್ರಿ ಆಕಿಗೆ” ಎಂದರು ಹೊಳಿಯಪ್ಪನವರು. “ದತ್ತಿ ಇಟ್ಟಾಂವ ನಾನು. ಹರದ್ರ ನಂದು ಹರೀಲಿ.”

ಗವಸನ್ನು ಹೊರಗೆ ತೆಗೆದು ಇರುವೆ ಝಾಡಿಸಿದೆ. ಬಲಮೂಲೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದೆ. ಎರಡು ಪದರ ಸರಿಸಿದ ಕೂಡಲೇ ಬೆರಳಿಗೆ ಗಟ್ಟಿಯದೇನೋ ಸಿಕ್ಕಿತು. ಹೊರಗೆ ತೆಗೆದು ಮೇಜಿನ ಮೇಲಿಟ್ಟೆ.

ಹೆಬ್ಬೆರಳ ಉಗುರಿನಷ್ಟು ಜೋಳದ ರೊಟ್ಟಿಯ ಚೂರು. ಅದಕ್ಕೆ ಮೆತ್ತಿದ ಬೆಲ್ಲ ಒದ್ದೆಯಾಗಿ ಕಪ್ಪಾಗಿತ್ತು.

ಹೊಳಿಯಪ್ಪನವರು ಅದನ್ನು ಅಂಗೈಯಲ್ಲಿಟ್ಟು ನೋಡಿದರು. “ನಮ್ಮವ್ವನೂ ಇಡತಿದ್ಲು” ಎಂದರು ಮೆಲ್ಲಗೆ.

“ನಮ್ಮವ್ವನೂ ಇಡತಿದ್ಲ್ರಿ. ಕೌದಿ ಹೊಲಿಯೋ ಹೆಣ್ಮಕ್ಕಳು ಕಡೀ ಮೂಲಿ ಮುಚ್ಚೋ ಮುಂದ ಒಂದು ಚೂರು ರೊಟ್ಟಿ ಇಟ್ಟ ಹೊಲೀತಾರ. ಕೌದಿ ಹಸದಿರಬಾರದು. ಹಸದ ಕೌದಿ ಹೊತ್ತಗೊಂಡವ್ರ ಹೊಟ್ಟಿ ಯಾವತ್ತೂ ತುಂಬಂಗಿಲ್ಲ ಅಂತಾರ. ಇದನ್ನ ಯೂಟ್ಯೂಬಿನ್ಯಾಗ ಕಲಸಂಗಿಲ್ರಿ ಯಜಮಾನ್ರ.”

ಗವಿಸಿದ್ದೇಶ ತನ್ನ ಬೂಟು ನೋಡತೊಡಗಿದ. ನನಗೆ ಒಳಗೊಳಗೇ ಖುಷಿ ಉಕ್ಕಿತು, ಸುಳ್ಳು ಯಾಕೆ ಹೇಳಲಿ. ಉಮಾಪತಿಯಂಥವರ ಮುಂದೆ ಕೈಕಟ್ಟಿ ನಿಂತೇ ನನ್ನ ನೌಕರಿ ಮುಗಿದಿತ್ತು. ಇವತ್ತು ಅವರು ನಿಂತಿದ್ದರು, ನಾನು ಮಾತಾಡುತ್ತಿದ್ದೆ.

“ಬೇವೂರಿನ ಜೈನಾಬೀ ಕೌದಿ ಹೊಲಿಯೋದ್ರಾಗ ಎತ್ತಿದ ಕೈ. ಆಕಿ ಮಗಳು ಈ ಹಸೀಬಾ. ಅವ್ವನ ಕಡಿಂದ ಕಲ್ತ ಕೆಲಸ, ಅವ್ವನ ಕಡಿಂದ ಕಲ್ತ ರೂಢಿ. ವಿಭಾಗದಾಗ ಕಳದುಹೋದ ಗವಸು ಇದ ರೀ. ಪೆಟಿಗಿಯೊಳಗ ಇಟ್ಟಿದ್ದು ಕಳವಿನ ಮಾಲು.”

ಪಕ್ಕದಲ್ಲಿ ನಿಂತಿದ್ದ ಹಸೀಬಾಳ ಮುಖದಲ್ಲಿ ನಗು ನೋಡಲೆಂದು ತಿರುಗಿದೆ.

ಅವಳು ನಗುತ್ತಿರಲಿಲ್ಲ. ಹೊಳಿಯಪ್ಪನವರ ಅಂಗೈಯ ಚೂರನ್ನೇ ನೋಡುತ್ತಿದ್ದಳು.

“ಅವ್ವಾರ” ಎಂದಳು. “ನಾನು ರೊಟ್ಟಿ ಇಟ್ಟಿದ್ದಿಲ್ಲ.”

“ಏನಂದಿ?”

“ಔಷಧಿ ಇಡೋ ಗವಸು. ರೊಟ್ಟಿ ಇಟ್ರ ಇರುವಿ ಹತ್ತತಾವು, ಬೂಸ್ಟು ಬರತೈತಿ ಅಂತ ಬಿಟ್ಟಿದ್ದೆ. ಅದಕ್ಕ ಅಮ್ಮಿ ನನ್ನ ಜೋಡಿ ಜಗಳಾನೂ ಮಾಡಿದ್ಲು. ಹಸದದ್ದನ್ನ ಮನಿಂದ ಹೊರಗ ಕಳಸ್ತೀಯೇನು ಅಂದಿದ್ಲು.” ಅವಳು ಗವಸಿನ ಅಂಚನ್ನು ಮುಟ್ಟಿದಳು, ಹೊಲಿಗೆಯ ಮೇಲೆ ಬೆರಳೆಳೆದಳು. “ಇದು ನಂದಲ್ಲ. ಇದು ಅಮ್ಮಿ ಹೊಲಿಗಿ.”

ಹನ್ನೊಂದು ದಿನದಲ್ಲಿ ನಾನು ಇವಳಿಗೆ ಎಷ್ಟು ಪ್ರಶ್ನೆ ಕೇಳಿರಬಹುದು. ಒಂದನ್ನು ಮಾತ್ರ ಕೇಳಿರಲಿಲ್ಲ. ಕೌದಿಯವಳ ಮಗಳು ಎಂದ ಮೇಲೆ ರೊಟ್ಟಿ ಇಟ್ಟೇ ಇಡುತ್ತಾಳೆ ಎಂದುಕೊಂಡೆ. ಠಾಣೆಯಲ್ಲಿ ಹೊಸ ಹುಡುಗರು ಹೀಗೆ ಮಾಡಿದರೆ ಕಪಾಳಕ್ಕೆ ಕೊಡುತ್ತೇನೆ ಎನ್ನುತ್ತಿದ್ದೆ.

ಉಮಾಪತಿ ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು. ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು.

“ಯಜಮಾನ್ರ, ನಾನು ಒಂದು ಮಾತು ಮುಚ್ಚಿಟ್ಟಿದ್ದೆ. ತಪ್ಪು ನಂದು” ಎಂದರು. ದನಿಯಲ್ಲಿ ತುಪ್ಪ ಜಾರುತ್ತಿತ್ತು. “ಈ ಹುಡುಗ ತಾನ ಹೊಲದೆ ಅಂತ ಸುಳ್ಳು ಹೇಳ್ಯಾನ, ಖರೆ. ಹುಡುಗ ಬುದ್ಧಿ. ಆದ್ರ ಕಲ್ಪನಾ ಇವಂದು, ಚಿತ್ರಾನೂ ಇವಂದ. ಹೊಲಸಾಕ ಒಬ್ಬಾಕಿ ಹೆಣ್ಮಗಳ ಕೈಯಾಗ ಕೊಟ್ಟಿದ್ವಿ. ಆಕಿ ಎಲ್ಲಿ ಹೊಲಿಸಿದ್ಲು ಅಂತ ನಾವು ಕೇಳಲಿಲ್ಲ. ಈಗ ತಿಳೀತು ನೋಡ್ರಿ, ಬೇವೂರಾಗ, ಇದ ಹುಡುಗಿ ಮನ್ಯಾಗ.”

“ಅದಕ್ಕ?” ಎಂದರು ಹೊಳಿಯಪ್ಪನವರು.

“ಫೆಬ್ರವರಿ ಒಳಗ ಅವ್ವ ಹೊಲದ್ಲು. ಮಾರ್ಚ್ ಒಳಗ ಮಗಳು ಅಂಥಾದ್ದ ತಂದ್ಲು. ನಕಲು ಎಲ್ಲಿಂದ ಆತು ಅಂತ ನಾನು ತಲಿ ಕೆಡಿಸಿಕೊಂಡಿದ್ದೆ. ಪಾರ್ವತೆಮ್ಮನವರು ಮೂಲಿ ಬಿಚ್ಚಿ ತೋರಿಸಿದ್ರು. ಉಪಕಾರ ಆತು.”

ನಾನು ಹಲ್ಲು ಕಚ್ಚಿದೆ. “ಸುಳ್ಳು. ಜನವರಿ ಒಳಗ ಈಕಿ ನಿಮ್ಮ ವಿಭಾಗಕ್ಕ ಕೊಟ್ಟಿದ್ಲು.”

“ಕೊಟ್ಟಿದ್ರ ರಸೀದಿ ಇರಬೇಕಲ್ರಿ. ಐತೇನು?”

ಇರಲಿಲ್ಲ. ಗುರುಗಳ ಕೈಗೆ ಪುಸ್ತಕ ಕೊಟ್ಟು ರಸೀದಿ ಕೇಳುವ ಮಕ್ಕಳನ್ನು ನಮ್ಮ ಸೀಮೆ ಇನ್ನೂ ಹೆತ್ತಿಲ್ಲ.

“ಆ ನಡುವಿನ ಹೆಣ್ಮಗಳು ಯಾರು?” ಎಂದು ಕೇಳಿದೆ. “ಹೆಸರು ಹೇಳ್ರಿ.”

“ಬ್ಯಾಡ ಬಿಡ್ರಿ” ಎಂದು ಉಮಾಪತಿ ನನ್ನನ್ನೇ ನೋಡಿದರು. “ಹೇಳಿದ್ರ ಇಲ್ಲಿದ್ದವರಿಗೇ ಬ್ಯಾಸರ ಆಗತೈತಿ.”

ಆ ಮಾತಿನಲ್ಲಿ ಗಾಳವಿತ್ತು. ನನಗೆ ಆಗ ಅದು ಹೊಳೆಯಲಿಲ್ಲ. ಸಿಟ್ಟು ಬಂದಾಗ ನನಗೆ ಅರ್ಧ ಕಿವುಡು.

ಹೊಳಿಯಪ್ಪನವರು ರೊಟ್ಟಿಯ ಚೂರನ್ನು ಮೇಜಿನ ಮೇಲಿಟ್ಟರು.

“ನನಗ ಕೈ ಯಾರದು ಅಂತ ಬೇಕಾಗಿಲ್ಲ” ಎಂದರು ಆಮೇಲೆ. “ಅವ್ವ ಹೊಲೀಲಿ, ಅಕ್ಕ ಹೊಲೀಲಿ. ನನ್ನ ಮಗಳ ಹೆಸರಿಲೆ ಇಟ್ಟ ದತ್ತಿ ತಲಿಗೆ, ಕೈಗಲ್ಲ. ಈ ಚಿತ್ರ ಯಾರ ತಲ್ಯಾಗ ಹುಟ್ಟೇತಿ ಅನ್ನೋದು ಹೇಳೂ ಹೆಣ್ಮಗಳು ಒಬ್ಬಾಕೀನ. ಹೊಲದಾಕಿ. ಆಕಿ ಕೈಯಾಗ ಚಿತ್ರ ಕೊಟ್ಟಾವ್ರು ಯಾರು, ಏನಂತ ಹೇಳಿ ಕೊಟ್ರು, ಆಕೀನ ಬಂದು ಹೇಳ್ಲಿ. ನಾಳಿ ಮುಂಜಾನಿ ಹತ್ತಕ್ಕ ನಿಮ್ಮವ್ವನ್ನ ಕರಕೊಂಡು ಬಾ ಮಗಳ. ಬಂದ್ರ ಆಕಿ ಮಾತ ನನ್ನ ತೀರ್ಪು. ಬರಲಿಲ್ಲಂದ್ರ ಉಮಾಪತಿಯವ್ರು ಬರದದ್ದಕ್ಕ ನಾನು ಸಹಿ ಹಾಕ್ತೀನಿ.”

“ಬರ್ತಾಳ್ರಿ” ಎಂದಳು ಹಸೀಬಾ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ದನಿ ನೆಟ್ಟಗಿತ್ತು. “ನಮ್ಮಮ್ಮಿ ನನ್ನ ಮ್ಯಾಲೆ ಸುಳ್ಳು ಹೇಳಾಕಿ ಅಲ್ರಿ. ಈಗ ಫೋನ್ ಹಚ್ತೀನಿ.”

“ಎಲ್ಲಾರಿಗೂ ಕೇಳೂ ಹಂಗ ಹಚ್ಚು. ಕನ್ನಡದಾಗ ಮಾತಾಡಸು” ಎಂದರು ಮುದುಕ.

ಅವಳು ಫೋನನ್ನು ಮೇಜಿನ ಮೇಲೆ, ರೊಟ್ಟಿ ಚೂರಿನ ಪಕ್ಕದಲ್ಲಿಟ್ಟಳು. ಇನ್ನೊಂದು ಕೈಯಿಂದ, ಕತ್ತರಿ ಹಿಡಿಯದ ನನ್ನ ಎಡಗೈ ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು. ಜೈನಾಬೀಯ ಫೋನ್ ಸ್ವಿಚ್ ಆಫ್ ಎಂದಿತು. ಮತ್ತೆ ಮಾಡಿದಳು. ಅದೇ ಉತ್ತರ. ಮೂರನೆಯ ಸಲ ಅಪ್ಪನ ನಂಬರು ಒತ್ತಿದಳು.

ದಾದೇಸಾಬ ಎತ್ತಿದ. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

“ಅಬ್ಬಾ, ಕನ್ನಡದಾಗ ಮಾತಾಡು. ಇಲ್ಲಿ ದೊಡ್ಡವರು ಕುಂತಾರ. ಅಮ್ಮಿ ಎಲ್ಲದಾಳ?”

“ಅಮ್ಮಿ?” ದಾದೇಸಾಬನ ದನಿಯಲ್ಲಿ ಅಚ್ಚರಿ. “ಆಕಿ ಊರಾಗಿಲ್ಲಲ್ಲವಾ. ಮುಂಜಾನಿ ಏಳಕ್ಕ ಕಾರು ಬಂದಿತ್ತು. ನೀನ ಕಳಿಸೀದಿ ಅಂದ್ರಲ್ಲ?”

ಹಸೀಬಾಳ ಬೆರಳು ನನ್ನ ಕೈಯಲ್ಲಿ ಬಿಗಿಯಾದವು.

“ನಾನು ಕಳಿಸಿಲ್ಲ ಅಬ್ಬಾ. ಎಲ್ಲಿಗೆ ಕರಕೊಂಡು ಹೋದ್ರು?”

“ಆನೆಗೊಂದಿ ಕಡೆಗಂತ. ನಿನ್ನ ಗವಸು ಪಾಸಾಗೇತಿ, ಇನ್ನೂ ಹತ್ತು ಹೊಲೀಬೇಕು, ನಾಕು ದಿನ ಅಲ್ಲೇ ಇರಬೇಕಾಗತೈತಿ ಅಂದ್ರು. ಅಮ್ಮಿ ಎಷ್ಟು ಖುಷಿಲಿಂದ ಹೋದ್ಲು ಗೊತ್ತೈತೇನು. ಹೊಸಾ ಸೀರಿ ಉಟ್ಟಗೊಂಡು ಹೋದ್ಲು.”

“ಕಾರಿನ್ಯಾಗ ಬಂದಾವ್ರು ಯಾರು?”

“ಮತ್ಯಾರು? ಮೊದ್ಲ ಬಂದಿದ್ರಲ್ಲ, ಅವರ. ಫೆಬ್ರವರಿ ಒಳಗ ನಿನ್ನ ಚಿತ್ರದ ಹಾಳಿ ತಗೊಂಡು ಬಂದು, ಹುಡುಗಿಗೆ ಇನ್ನೊಂದು ಗವಸು ಬೇಕಾಗೇತಿ, ಆಕಿಗೆ ಪರೀಕ್ಷಿ ಐತಿ, ಕೇಳಿ ತ್ರಾಸ ಕೊಡಬ್ಯಾಡ್ರಿ ಅಂತ ಹೇಳಿ ಹೊಲಿಸಿಕೊಂಡು ಹೋದ್ರಲ್ಲ.”

“ಅಬ್ಬಾ, ಹೆಸರು. ಹೆಸರು ಹೇಳು.”

“ನೀ ಉಣ್ಣಾಕ ಹೋಗ್ತೀಯಲ್ಲವಾ, ಆ ಖಾನಾವಳಿ ಅವ್ವಾರು. ಪಾರ್ವತೆಮ್ಮ. ಭಾಳ ಛಲೋ ಹೆಣ್ಮಗಳು. ಇವತ್ತೂ ನನಗಂತ ಬುತ್ತಿ ತಂದಿದ್ರು. ಸಜ್ಜಿ ರೊಟ್ಟಿ, ಹಸರು ಅಂಚಿನ ಬಟ್ಟಿಯಾಗ ಕಟ್ಟಿದ್ದು. ಈಗರ ಉಂಡು ಮಕ್ಕೊಂಡಿದ್ದೆ.”

ಬೇವೂರಿನಲ್ಲಿ ಕೋಳಿ ಮತ್ತೊಮ್ಮೆ ಕೂಗಿತು.

ನಾನು ಬೇವೂರಿನ ದಾರಿಯನ್ನೇ ತುಳಿದವಳಲ್ಲ. ದಾದೇಸಾಬ ನನ್ನ ಮುಖ ನೋಡಿದವನಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಹಗ್ಗದ ಮೇಲಿಂದ ಕಾಣೆಯಾದ ಬಟ್ಟೆ ಕಣ್ಣಮುಂದೆ ಬಂತು. ನಮ್ಮ ಒಲೆಯ ಮುಂದೆ ಹಾಳೆ ಬಿಚ್ಚಿದ ಹಸೀಬಾ, ಹಿಟ್ಟಿನ ಕೈಯಲ್ಲೇ ಬಗ್ಗಿ ಆ ಚಿತ್ರ ನೋಡುತ್ತಿದ್ದ ನೂರಜಾನಬಿ. ಒಂಬತ್ತು ವರ್ಷ ಒಂದೇ ತಾಟಿನಲ್ಲಿ ಉಂಡಿದ್ದೇವೆ. ನನ್ನ ಹೆಣ ಹೊರುವವರಲ್ಲಿ ಅವಳ ಮಗನೂ ಇರಬೇಕೆಂದು ಹೇಳಿಟ್ಟಿದ್ದೆ. ಹುಷಾರಿಲ್ಲವೆಂದು ಫೋನ್ ಮಾಡಿದವಳು ನನ್ನ ಹೆಸರು ಹೇಳಿಕೊಂಡು ಬೇವೂರಿಗೆ ಹೋಗಿದ್ದಳು.

“ಹೆಸರು ಹೇಳಬಾರದಂತನ ಸುಮ್ಮನಿದ್ದೆ ಯಜಮಾನ್ರ” ಎಂದರು ಉಮಾಪತಿ, ದುಃಖದ ದನಿಯಲ್ಲಿ. “ಹೊಲಸಾಕ ನಾವು ಕೊಟ್ಟಿದ್ದು ಇವರ ಕೈಯಾಗ. ಇವರು ಚಿತ್ರ ಹುಡುಗಿಗೆ ಕೊಟ್ರು. ಈಗ ಸಾಕ್ಷಿ ಹೇಳೂ ಹೆಣ್ಮಗಳನ್ನೂ ಇವರ ಸಾಗಿಸ್ಯಾರ.”

“ಹಸೀಬಾ” ಎಂದೆ. “ನಾನಲ್ಲ ಮಗಳ. ನಿಮ್ಮಪ್ಪ ನನ್ನ ನೋಡೇ ಇಲ್ಲ.”

ಅವಳು ನನ್ನನ್ನು ನೋಡಿದಳು. ಅವಳ ಬೆರಳು ಸಡಿಲವಾದವು.

“ವಿಭಾಗಕ್ಕ ಕೊಟ್ಟಿದ್ದು ಬಿಟ್ರ, ಆ ಚಿತ್ರ ನಾನು ನಿಮ್ಮ ಒಲಿ ಮುಂದಷ್ಟ ಬಿಚ್ಚಿದ್ದು ಅವ್ವಾರ” ಎಂದು ಕೈ ಬಿಡಿಸಿಕೊಂಡಳು. ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಒರಗಿ ನಿಂತಳು. “ನಮ್ಮಮ್ಮಿ ಎಲ್ಲಿ?”

ನಾನು ಅವಳ ಕಡೆ ಒಂದು ಹೆಜ್ಜೆ ಇಟ್ಟೆ.

“ಅಲ್ಲೇ ನಿಂದ್ರು” ಎಂದರು ಹೊಳಿಯಪ್ಪನವರು. ಇಷ್ಟು ಹೊತ್ತು ನನಗೆ ಅವ್ವಾ ಎಂದಿದ್ದ ಬಾಯಿ ಅದು. “ಮೊದ್ಲ ಆ ಕತ್ತರಿ ಕೆಳಗ ಇಡು.”